ಗೊತ್ತಿರಲಿಲ್ಲ ಅಂದರೆ ಮುಗಿಯಿತಾ? ಆಫಾಸ್ ಡೈಕ್ ಎಂಬ ಮಣ್ಣಿನ ಏರಿಯ ಪಾಡು

2013ರಲ್ಲಿ ಉತ್ತರ ವೇಲ್ಸ್‌ನ ಚರ್ಕ್ ಊರಿನ ಹತ್ತಿರ ಒಂದು ಹಳೇ ಮಣ್ಣಿನ ಏರಿಗೆ ಯಾರೋ ಯಂತ್ರ ಹಚ್ಚಿದರು. ಸುಮಾರು 45 ಮೀಟರ್ ಉದ್ದ ನೆಲಸಮ ಆಯಿತು. ಅದು ಆಫಾಸ್ ಡೈಕ್‌ನ, ಅಂದರೆ ಆಫಾ ಎಂಬ ರಾಜನ ಹೆಸರಿನ ಏರಿಯ ಒಂದು ತುಂಡು. ಬ್ರಿಟನ್ನಿನಲ್ಲಿ ಉಳಿದಿರುವ ಹಳೇ ಕಾಲದ ಗಡಿ ಏರಿಗಳಲ್ಲಿ ಇದೇ ಎಲ್ಲಕ್ಕಿಂತ ಉದ್ದದ್ದು, ಕಾನೂನಿನ ರಕ್ಷಣೆ ಪಡೆದ ಸ್ಮಾರಕ ಬೇರೆ. ಪೊಲೀಸರು ಬಂದರು, ವಿಚಾರಣೆ ನಡೆಯಿತು. ಆದರೆ ಯಾರ ಮೇಲೂ ಮೊಕದ್ದಮೆ ಆಗಲಿಲ್ಲ. ಯಾಕೆ ಅಂದರೆ ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದ ಅಪರಾಧ ಹೊರಿಸಬೇಕಾದರೆ, ಹಾನಿ ಮಾಡಿದವರಿಗೆ ಅದು ರಕ್ಷಿತ ಸ್ಮಾರಕ ಅಂತ ಮೊದಲೇ ಗೊತ್ತಿತ್ತು ಎನ್ನುವುದನ್ನು ಸಾಬೀತು ಮಾಡಬೇಕಿತ್ತು. ಗೊತ್ತಿರಲಿಲ್ಲ ಅಂದರೆ ಅಲ್ಲಿಗೆ ಮುಗಿಯಿತು.

ಈ ಸುದ್ದಿ ನನ್ನ ತಲೆಯಲ್ಲಿ ಇವತ್ತಿಗೂ ಕೂತಿದೆ. ನಾನು ಇಂಗ್ಲೆಂಡಿನ ನಡುಭಾಗದಲ್ಲಿ ಇರುವವನು. ರಜೆ ಸಿಕ್ಕಾಗಲೆಲ್ಲ ಶ್ರೂಸ್‌ಬರಿಯಿಂದ ರೈಲು ಹಿಡಿದು ನೈಟನ್ ಎಂಬ ಪುಟ್ಟ ಊರಿಗೆ ಹೋಗಿ, ಅಲ್ಲಿಂದ ಈ ಏರಿ ಹಿಡಿದು ನಡೆಯುತ್ತೇನೆ. ಹಾಗೆ ನಡೆದು ನಡೆದು ನನಗೆ ಅನ್ನಿಸಿದ್ದು ಇಷ್ಟು. ಈ ಏರಿಗೆ ದೊಡ್ಡ ಅಪಾಯ ಅಂದರೆ ಅದು ಕಣ್ಣಿಗೆ ಏನೂ ಅಲ್ಲದ ಹಾಗೆ ಕಾಣುವುದು. ಕೋಟೆ ಆಗಿದ್ದರೆ ಕಲ್ಲು ಕಾಣುತ್ತಿತ್ತು, ಗುಡಿ ಆಗಿದ್ದರೆ ಗೋಪುರ ಕಾಣುತ್ತಿತ್ತು. ಇದು ಹುಲ್ಲು ಬೆಳೆದ ಮಣ್ಣು. ಅದರ ಮೇಲೆ ಕುರಿ ಮೇಯುತ್ತಿರುತ್ತವೆ. ಗೊತ್ತಿಲ್ಲದವರಿಗೆ ಅದು ಹೊಲದ ಬದು, ಅಷ್ಟೇ.

ನಮ್ಮವರಿಗೆ ಇದನ್ನು ವಿವರಿಸುವುದು ಕಷ್ಟ ಇಲ್ಲ. ಹಳ್ಳಿಯ ಕೆರೆ ಏರಿ ನೆನೆಸಿಕೊಳ್ಳಿ. ಒಂದು ಕಡೆ ಮಣ್ಣು ತೋಡಿ ಕಂದಕ ಮಾಡಿ, ಆ ಮಣ್ಣನ್ನೇ ಪಕ್ಕಕ್ಕೆ ಗುಡ್ಡೆ ಹಾಕಿ ಏರಿ ಕಟ್ಟಿದ್ದಾರೆ. ಚೆನ್ನಾಗಿ ಉಳಿದಿರುವ ಕಡೆ ಕಂದಕವೂ ಸೇರಿ ಸುಮಾರು 20 ಮೀಟರ್ ಅಗಲ ಇದೆ, ಏರಿಯ ಎತ್ತರ ಎರಡೂವರೆ ಮೀಟರ್ ಹತ್ತಿರ ಇದೆ. ಕಂದಕ ಇರುವುದು ಪಶ್ಚಿಮಕ್ಕೆ, ಅಂದರೆ ವೇಲ್ಸ್ ಕಡೆಗೆ. ಏರಿ ಮೇಲೆ ನಿಂತರೆ ಪಶ್ಚಿಮದ ಕಣಿವೆಗಳು ದೂರದವರೆಗೆ ಕಾಣುತ್ತವೆ. ಕಟ್ಟಿದವರು ಯಾರ ಕಡೆ ಕಣ್ಣಿಟ್ಟಿದ್ದರು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ಲಿ ನಿಂತರೆ ತಾನಾಗಿ ಗೊತ್ತಾಗುತ್ತದೆ. ಏರಿಯ ಒಟ್ಟು ಉದ್ದವನ್ನು ಸಾಮಾನ್ಯವಾಗಿ 130 ಕಿಲೋಮೀಟರ್ ಹತ್ತಿರ ಎಂದು ಹೇಳುತ್ತಾರೆ. ನಡುನಡುವೆ ಖಾಲಿ ಜಾಗ ಇದೆ. ಅಲ್ಲಿ ಮೊದಲಿಂದಲೂ ಏರಿ ಇರಲಿಲ್ಲವೋ, ಇದ್ದದ್ದು ಹೋಯಿತೋ ಎನ್ನುವುದೇ ಒಂದು ದೊಡ್ಡ ವಾದ.

ಆಫಾ ಇಂಗ್ಲೆಂಡಿನ ನಡುಭಾಗದಲ್ಲಿದ್ದ ಮರ್ಸಿಯಾ ರಾಜ್ಯವನ್ನು ಆಳಿದ್ದು 757ರಿಂದ 796ರವರೆಗೆ. ನಮ್ಮ ಕಡೆ ರಾಷ್ಟ್ರಕೂಟರ ಒಂದನೇ ಕೃಷ್ಣ, ಧ್ರುವ ಆಳುತ್ತಿದ್ದ ಕಾಲ ಅದು. ಆಫಾ ಸಣ್ಣ ರಾಜ ಅಲ್ಲ. ಫ್ರಾಂಕರ ದೊರೆ ಶಾರ್ಲಮೇನ್ ಅವನಿಗೆ ಪತ್ರ ಬರೆಯುತ್ತಿದ್ದ. ಅವನ ಹೆಸರಿರುವ ಒಂದು ಚಿನ್ನದ ನಾಣ್ಯ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಇದೆ. ಅದು ಬಾಗ್ದಾದಿನ ಖಲೀಫ ಅಲ್ ಮನ್ಸೂರ್‌ನ ದೀನಾರಿನ ನಕಲು. ಅರಬ್ಬೀ ಅಕ್ಷರಗಳ ನಡುವೆ 'ಆಫಾ ರೆಕ್ಸ್' ಅಂತ, ಅಂದರೆ 'ರಾಜ ಆಫಾ' ಅಂತ ಲ್ಯಾಟಿನ್‌ನಲ್ಲಿ ಒತ್ತಿದ್ದಾರೆ. ಅರಬ್ಬೀ ನೇರ ಹಿಡಿದರೆ ರಾಜನ ಹೆಸರು ತಲೆಕೆಳಗು. ಅಚ್ಚು ಕೊರೆದವನಿಗೆ ಆ ಲಿಪಿ ಬರುತ್ತಿರಲಿಲ್ಲ ಅಂತ ಕಾಣುತ್ತದೆ.

ನಾಣ್ಯದ ಮೇಲೆ ಹೆಸರು ಒತ್ತಿಸಿದ ರಾಜ ಏರಿಯ ಮೇಲೆ ಒಂದಕ್ಷರ ಬರೆಸಿಲ್ಲ. ಒಂದು ಕಲ್ಲು ಇಲ್ಲ, ಒಂದು ಶಾಸನ ಇಲ್ಲ. ಇದು ಆಫಾ ಕಟ್ಟಿಸಿದ್ದು ಅಂತ ನಮಗೆ ಹೇಳುವುದು ಬಿಷಪ್ ಆಸ್ಸರ್. ಅವನು ವೇಲ್ಸ್‌ನವನು, ರಾಜ ಆಲ್ಫ್ರೆಡ್‌ನ ಜೀವನ ಚರಿತ್ರೆ ಬರೆದವನು. 893ರಲ್ಲಿ ಬರೆದ ಆ ಪುಸ್ತಕದಲ್ಲಿ, ಅಕ್ಕಪಕ್ಕದ ರಾಜರೆಲ್ಲ ಹೆದರುತ್ತಿದ್ದ ಆಫಾ ವೇಲ್ಸ್‌ಗೂ ಮರ್ಸಿಯಾಗೂ ನಡುವೆ ಸಮುದ್ರದಿಂದ ಸಮುದ್ರದವರೆಗೆ ದೊಡ್ಡ ಏರಿ ಕಟ್ಟಿಸಿದ ಅಂತ ಒಂದು ಮಾತು ಬರುತ್ತದೆ. ಆಫಾ ಸತ್ತು ನೂರು ವರ್ಷ ಆದಮೇಲೆ ಬರೆದ ಆ ಒಂದೇ ವಾಕ್ಯದ ಮೇಲೆ ಎಷ್ಟು ಪುಸ್ತಕ ಬಂದಿವೆಯೋ! 20ನೇ ಶತಮಾನದ ಮೊದಲ ಭಾಗದಲ್ಲಿ ಪುರಾತತ್ವ ತಜ್ಞ ಸಿರಿಲ್ ಫಾಕ್ಸ್ ಇಡೀ ಸಾಲನ್ನು ಅಳೆದು, ಇದು ಎರಡೂ ಕಡೆಯವರು ಒಪ್ಪಿಕೊಂಡ ಗಡಿ ಇದ್ದಿರಬೇಕು ಎಂದರು. ಆಮೇಲೆ ಡೇವಿಡ್ ಹಿಲ್ ಮತ್ತು ಮಾರ್ಗರೆಟ್ ವರ್ದಿಂಗ್ಟನ್ ವರ್ಷಾನುಗಟ್ಟಲೆ ಅಗೆದು ನೋಡಿದರು. ಸಮುದ್ರದಿಂದ ಸಮುದ್ರಕ್ಕೆ ಎನ್ನುವುದು ಸರಿಯಲ್ಲ, ನಿಜವಾದ ಆಫಾಸ್ ಡೈಕ್ ನಡುವಿನ ನೂರು ಚಿಲ್ಲರೆ ಕಿಲೋಮೀಟರ್ ಮಾತ್ರ, ವೇಲ್ಸ್ ಕಡೆಯ ಪೋವಿಸ್ ರಾಜ್ಯವನ್ನು ತಡೆಯುವುದಕ್ಕೆ ಕಟ್ಟಿದ್ದು ಎನ್ನುವುದು ಅವರ ವಾದ.

ಪೋವಿಸ್‌ನವರಾದರೂ ತಮ್ಮ ಮಾತನ್ನು ಕಲ್ಲಿನಲ್ಲಿ ಬರೆಸಿದರು. ಲಾಂಗೊಥ್ಲೆನ್ ಹತ್ತಿರ ಎಲಿಸೆಗ್ ಕಂಬ ಅಂತ ಒಂದು ಶಾಸನ ಸ್ತಂಭ ಇದೆ. 9ನೇ ಶತಮಾನದಲ್ಲಿ ಪೋವಿಸ್ ರಾಜ ಕಿಂಗೆನ್ ತನ್ನ ಮುತ್ತಜ್ಜ ಎಲಿಸೆಗ್ ನೆನಪಿಗೆ ನಿಲ್ಲಿಸಿದ್ದು. ಇಂಗ್ಲಿಷರ ಕೈಯಿಂದ ಪೋವಿಸ್ ನೆಲವನ್ನು ಎಲಿಸೆಗ್ ಮರಳಿ ಗೆದ್ದ ಅಂತ ಅದರಲ್ಲಿತ್ತು. ಇತ್ತು ಅಂತಲೇ ಹೇಳಬೇಕು, ಯಾಕೆಂದರೆ ಈಗ ಒಂದಕ್ಷರವೂ ಓದಲು ಬರುವುದಿಲ್ಲ. 1696ರಲ್ಲಿ ಎಡ್ವರ್ಡ್ ಲೂಯ್ಡ್ ಎಂಬ ವಿದ್ವಾಂಸ ಅದನ್ನು ನಕಲು ಮಾಡಿಕೊಂಡಿದ್ದಕ್ಕೆ ನಮಗೆ ಗೊತ್ತು. ಕಲ್ಲಿನ ಗತಿಯೇ ಹೀಗಾದರೆ ಮಣ್ಣಿನ ಗತಿ ಏನು, ಯೋಚನೆ ಮಾಡಿ.

ಹಾಗಾದರೆ ಈ ಮಣ್ಣು ಇಷ್ಟು ದಿನ ಹೇಗೆ ಉಳಿಯಿತು? ನನ್ನ ಉತ್ತರ, ಅದು ಉಪಯೋಗಕ್ಕೆ ಬರುತ್ತಿತ್ತು, ಅದಕ್ಕೇ ಉಳಿಯಿತು. ರಾಜ್ಯಗಳು ಹೋದವು, ಆದರೆ ಏರಿ ಹೊಲಗಳ ನಡುವೆ ಬದು ಆಯಿತು, ಅದರ ಮೇಲೆ ಬೇಲಿ ಗಿಡ ನೆಟ್ಟರು, ಎಷ್ಟೋ ಕಡೆ ಇಂದಿಗೂ ಒಬ್ಬರ ಜಮೀನಿಗೂ ಪಕ್ಕದವರ ಜಮೀನಿಗೂ ಅದೇ ಎಲ್ಲೆ. ಕೈಯಲ್ಲಿ ಗುದ್ದಲಿ, ಮುಂದೆ ಎತ್ತು ಅಥವಾ ಕುದುರೆ ಇದ್ದ ಕಾಲದಲ್ಲಿ ಅಷ್ಟು ದೊಡ್ಡ ದಿಬ್ಬ ಕೀಳುವ ಶ್ರಮಕ್ಕಿಂತ ಅದರ ಪಕ್ಕದಲ್ಲಿ ಉಳುವುದೇ ಸುಲಭ. ಟ್ರ್ಯಾಕ್ಟರು, ಜೆಸಿಬಿ ಬಂದ ಮೇಲೆ ಆ ಲೆಕ್ಕ ತಿರುಗಿಬಿತ್ತು. ತಲೆಮಾರುಗಟ್ಟಲೆ ಕೂಲಿಯವರ ಕೈಲಿ ಆಗದ್ದು ಈಗ ಒಂದು ಮಧ್ಯಾಹ್ನದ ಕೆಲಸ. ಬೇಲಿ ತೆಗೆದು ಎರಡು ಹೊಲ ಒಂದು ಮಾಡಿಕೊಂಡರೆ ದೊಡ್ಡ ಯಂತ್ರ ತಿರುಗುವುದಕ್ಕೆ ಅನುಕೂಲ. ಆಗ ಏರಿ ಅಡ್ಡ ಬರುತ್ತದೆ.

ಅದಕ್ಕೂ ಮುಂಚೆ ಹಾನಿ ಆಗಿರಲಿಲ್ಲ ಅಂತ ಅಲ್ಲ. ಚರ್ಕ್ ಕೋಟೆಯ ಒಡೆಯರು 18ನೇ ಶತಮಾನದಲ್ಲಿ ಸುತ್ತಲ ಉದ್ಯಾನವನ್ನು ಅಂದ ಮಾಡುವಾಗ ಏರಿಯ ಒಂದಷ್ಟನ್ನು ಸಮ ಮಾಡಿದರು. ಇನ್ನೊಂದಷ್ಟು ಅವರು ತೋಡಿಸಿದ ಕೆರೆಯಲ್ಲಿ ಮುಳುಗಿತು.

ಈಗ ಕಾನೂನಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಜನ ಜಾಸ್ತಿ ತಪ್ಪು ತಿಳಿದುಕೊಂಡಿರುವುದು ಇಲ್ಲೇ. ರಕ್ಷಿತ ಸ್ಮಾರಕ ಅಂದ ತಕ್ಷಣ ಅದನ್ನು ಸರ್ಕಾರ ನೋಡಿಕೊಳ್ಳುತ್ತದೆ ಅಂದುಕೊಳ್ಳುತ್ತೇವೆ. ಆಫಾಸ್ ಡೈಕ್ ಸರ್ಕಾರದ ಆಸ್ತಿ ಅಲ್ಲ. ಬಹುಪಾಲು ಖಾಸಗಿ ಜಮೀನಿನಲ್ಲಿದೆ, ಒಡೆಯರು ನೂರಾರು ಮಂದಿ. 1979ರ ಪ್ರಾಚೀನ ಸ್ಮಾರಕ ಕಾಯಿದೆಯ ಪ್ರಕಾರ ಪಟ್ಟಿಗೆ ಸೇರಿದ ಸ್ಮಾರಕವನ್ನು ಅನುಮತಿ ಇಲ್ಲದೆ ಮುಟ್ಟಬಾರದು, ಸರಿ. ಆದರೆ ಅದನ್ನು ರಿಪೇರಿ ಮಾಡಲೇಬೇಕು ಅಂತ ಒಡೆಯರಿಗೆ ಆ ಕಾಯಿದೆ ಹೇಳುವುದಿಲ್ಲ. ಕೆಡವಬೇಡ ಅನ್ನುತ್ತದೆ, ಕಾಪಾಡು ಅನ್ನುವುದಿಲ್ಲ. ಮೇಲಾಗಿ, ಮೊದಲಿಂದ ಕಾನೂನು ಪ್ರಕಾರವೇ ಉಳುತ್ತಾ ಬಂದ ಜಾಗದಲ್ಲಿ ಅಷ್ಟೇ ಆಳಕ್ಕೆ ಉಳುಮೆ ಮುಂದುವರಿಸಬಹುದು ಅಂತ ಆ ಕಾಯಿದೆಯ ಅಡಿಯಲ್ಲೇ ವಿನಾಯಿತಿ ಬಂತು. ರೈತರ ಹೊಟ್ಟೆಪಾಡಿನ ದೃಷ್ಟಿಯಿಂದ ಅದು ನ್ಯಾಯವೇ. ಏರಿಯ ದೃಷ್ಟಿಯಿಂದ ನೋಡಿದರೆ ವರ್ಷಕ್ಕೆ ಒಂದೊಂದು ಪದರ ಮಣ್ಣು ಜಾರಿ ಕಂದಕಕ್ಕೆ ಬೀಳುತ್ತದೆ. ಇಡೀ ಏರಿ ಪಟ್ಟಿಯಲ್ಲಿ ಇಲ್ಲ ಎನ್ನುವುದು ಇನ್ನೊಂದು ಮಾತು. ನೆಲದ ಮೇಲೆ ಸರಿಯಾಗಿ ಕಾಣದ ತುಂಡುಗಳ ಕೆಳಗೂ ಕಂದಕದ ಗುರುತು ಇರಬಹುದು, ಅವಕ್ಕೆ ಆ ರಕ್ಷಣೆಯೂ ಇಲ್ಲ.

ಬ್ಯಾಜರ್ ಅಂತ ಒಂದು ಪ್ರಾಣಿ ಇದೆ. ಕಪ್ಪು ಬಿಳಿ ಮುಖ, ಗಟ್ಟಿ ಉಗುರು, ಮಣ್ಣಿನಲ್ಲಿ ಉದ್ದ ಉದ್ದ ಬಿಲ ತೋಡಿ ಸಂಸಾರ ಮಾಡುತ್ತದೆ. ಅದಕ್ಕೆ ಮೆತ್ತಗಿನ ಮಣ್ಣಿನ ಏರಿ ಸಿಕ್ಕರೆ ಬಿಡುತ್ತದಾ? ಕೆರೆ ಏರಿಯಲ್ಲಿ ಇಲಿ, ಏಡಿ ಬಿಲ ಮಾಡಿದರೆ ಏನಾಗುತ್ತದೆ ಅಂತ ನಮ್ಮ ರೈತರಿಗೆ ಗೊತ್ತು. ಬ್ಯಾಜರ್ ಬಿಲ ಅದರ ಹತ್ತು ಪಟ್ಟು. ಬಿಲ ತೋಡುವಾಗ ಒಳಗಿನ ಪದರಗಳೆಲ್ಲ ಕಲಸಿಹೋಗುತ್ತವೆ, ಆಮೇಲೆ ಯಾವ ಪುರಾತತ್ವ ತಜ್ಞರು ಬಂದರೂ ಅಲ್ಲಿ ಓದುವುದಕ್ಕೆ ಏನೂ ಉಳಿದಿರುವುದಿಲ್ಲ. ಓಡಿಸೋಣ ಅಂದರೆ 1992ರ ಕಾಯಿದೆಯಲ್ಲಿ ಬ್ಯಾಜರ್‌ಗೂ ರಕ್ಷಣೆ ಇದೆ. ಅದರ ಬಿಲ ಮುಟ್ಟಬೇಕಾದರೆ ಪ್ರತ್ಯೇಕ ಪರವಾನಗಿ ಬೇಕು. ಸ್ಮಾರಕ ಉಳಿಸುವುದಕ್ಕೆ ಅಂತ ಪರವಾನಗಿ ಕೊಡುವ ಅವಕಾಶ ಆ ಕಾಯಿದೆಯಲ್ಲೇ ಇದೆ. ಆದರೆ ಅರ್ಜಿ ಹಾಕಬೇಕು, ಅವು ಬೇರೆ ಕಡೆ ನೆಲೆ ಮಾಡಿಕೊಳ್ಳುವಂತೆ ನೋಡಿಕೊಳ್ಳಬೇಕು, ಮತ್ತೆ ಬರದಂತೆ ಬಲೆ ಹಾಸಬೇಕು. ದುಡ್ಡು ಯಾರು ಕೊಡುತ್ತಾರೆ?

ಇನ್ನು ಒಂದೇ ಏರಿಗೆ ಎರಡು ದೇಶ. ಇವತ್ತಿನ ಇಂಗ್ಲೆಂಡ್–ವೇಲ್ಸ್ ಗಡಿ ಏರಿಯ ಜೊತೆ ಹೋಗುವುದು ಸ್ವಲ್ಪ ದೂರ ಮಾತ್ರ. ಉಳಿದ ಕಡೆ ಏರಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ನೈಟನ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಊರು ವೇಲ್ಸ್‌ನಲ್ಲಿದೆ, ರೈಲು ನಿಲ್ದಾಣ ಇಂಗ್ಲೆಂಡಿನಲ್ಲಿದೆ. ಇಳಿದು ಐದು ನಿಮಿಷ ನಡೆದರೆ ದೇಶ ಬದಲಾಗುತ್ತದೆ. ವೆಲ್ಷ್ ಭಾಷೆಯಲ್ಲಿ ಈ ಊರಿನ ಹೆಸರಿನ ಅರ್ಥವೇ ಏರಿಯ ಮೇಲಿನ ಊರು ಅಂತ. ವೇಲ್ಸ್ ಕಡೆಯ ತುಂಡುಗಳ ಮೇಲೆ ಕಾನೂನಿನ ಉಸ್ತುವಾರಿ ಇರುವುದು ಕ್ಯಾಡೂ ಎಂಬ ಸರ್ಕಾರಿ ಸಂಸ್ಥೆಗೆ, ಇಂಗ್ಲೆಂಡ್ ಕಡೆ ಹಿಸ್ಟಾರಿಕ್ ಇಂಗ್ಲೆಂಡ್ ಎಂಬ ಸಂಸ್ಥೆಗೆ. ಚರ್ಕ್ ಹತ್ತಿರದ ಹಾನಿ ಆಗಿ ಮೂರು ವರ್ಷಕ್ಕೆ, 2016ರಲ್ಲಿ, ವೇಲ್ಸ್ ತನ್ನದೇ ಹೊಸ ಕಾಯಿದೆ ತಂದು ಗೊತ್ತಿರಲಿಲ್ಲ ಎನ್ನುವ ಆ ಬಾಗಿಲನ್ನು ಕಿರಿದು ಮಾಡಿತು. ಈಗ ಅಲ್ಲಿ ಬರೀ ಗೊತ್ತಿರಲಿಲ್ಲ ಅಂದರೆ ಸಾಲದು, ತಿಳಿದುಕೊಳ್ಳುವುದಕ್ಕೆ ತಕ್ಕ ಪ್ರಯತ್ನ ಮಾಡಿದ್ದೆ ಅಂತ ತೋರಿಸಬೇಕು. ಸ್ಮಾರಕಗಳ ನಕ್ಷೆಯನ್ನೂ ಆನ್‌ಲೈನ್‌ನಲ್ಲಿ ಹಾಕಿದ್ದಾರೆ, ಯಾರು ಬೇಕಾದರೂ ಫೋನಿನಲ್ಲಿ ತೆಗೆದು ನೋಡಬಹುದು. ಆಮೇಲೆ ಎಲ್ಲವನ್ನೂ ಸೇರಿಸಿ 2023ರಲ್ಲಿ ಮಾಡಿದ ಕಾಯಿದೆ 2024ರ ನವೆಂಬರ್‌ನಿಂದ ಜಾರಿಯಲ್ಲಿದೆ. ಇಂಗ್ಲೆಂಡ್ ಕಡೆ ಮುಖ್ಯ ಆಧಾರ ಇಂದಿಗೂ 1979ರ ಕಾಯಿದೆಯೇ. ಒಂದೇ ರಾಜ, ಒಂದೇ ಕಂದಕ, ಆದರೆ ಯಾವ ಹೊಲದಲ್ಲಿ ಇದೆ ಎನ್ನುವುದರ ಮೇಲೆ ಬೇರೆ ಕಾನೂನು, ಬೇರೆ ಅಧಿಕಾರಿ, ಬೇರೆ ಅನುದಾನ. ಇದು ನನಗೆ ಸರಿ ಕಾಣುವುದಿಲ್ಲ.

ಹಾನಿ ಆದಾಗ ನಾವು ನಿಜವಾಗಿ ಕಳೆದುಕೊಳ್ಳುವುದು ಏನು ಅನ್ನುವುದೂ ಚರ್ಕ್‌ನಲ್ಲೇ ಗೊತ್ತಾಯಿತು. ಏರಿ ಕೆಡವಿದ ಮೇಲೆ ಕ್ಲೂಯಿಡ್–ಪೋವಿಸ್ ಪುರಾತತ್ವ ಟ್ರಸ್ಟ್‌ನವರು ಆ ಜಾಗವನ್ನು ಪರೀಕ್ಷೆ ಮಾಡಿದರು. ಏರಿಯ ಒಳಗೆ ಹುಲ್ಲಿನ ಹೆಂಟೆಗಳು ಸಿಕ್ಕವು. ಅವುಗಳ ಕಾರ್ಬನ್ ಪರೀಕ್ಷೆ ಮಾಡಿದರೆ 430ರಿಂದ 652ರ ನಡುವಿನ ಕಾಲ ಬಂತು. ಅಂದರೆ ಆಫಾ ಪಟ್ಟಕ್ಕೆ ಬರುವುದಕ್ಕೂ ನೂರು ವರ್ಷಕ್ಕಿಂತ ಮೊದಲು! ಪತ್ರಿಕೆಗಳಲ್ಲಿ ಏರಿ ಆಫಾನದ್ದೇ ಅಲ್ಲ ಎನ್ನುವ ಹಾಗೆ ಸುದ್ದಿ ಆಯಿತು. ಸ್ವಲ್ಪ ತಾಳ್ಮೆಯಿಂದ ನೋಡಬೇಕು. ಆ ಪರೀಕ್ಷೆ ಹೇಳುವುದು ಹುಲ್ಲಿನ ವಯಸ್ಸು, ಏರಿಯ ವಯಸ್ಸಲ್ಲ. ಹಳೇ ಹುಲ್ಲುಗಾವಲಿನ ಮಣ್ಣು ಕಿತ್ತು ತಂದು ಎಷ್ಟೋ ವರ್ಷ ಆದಮೇಲೆ ಕಟ್ಟಿರಬಹುದು. ಅಥವಾ ಆಫಾನಿಗಿಂತ ಮೊದಲೇ ಯಾರೋ ಅಲ್ಲಿ ಒಂದು ಸಣ್ಣ ಏರಿ ಶುರು ಮಾಡಿ, ಮುಂದೆ ತಲೆಮಾರುಗಳ ಕಾಲ ಬೆಳೆಸುತ್ತಾ ಬಂದು, ಕೊನೆಗೆ ಆಫಾನ ಹೆಸರು ನಿಂತಿರಬಹುದು. ಎರಡರಲ್ಲಿ ಯಾವುದು ಅಂತ ತೀರ್ಮಾನ ಮಾಡಬೇಕಾದರೆ ಕಲಕದೇ ಇರುವ ಇನ್ನಷ್ಟು ಏರಿ ಬೇಕು, ಅಂಥ ಕಡೆ ನಿಧಾನವಾಗಿ ಅಗೆದು ಪದರ ಪದರ ಓದಬೇಕು. ಶಾಸನ ಇಲ್ಲದ ಏರಿಗೆ ಅದರ ಮಣ್ಣೇ ಶಾಸನ. ಅಲ್ಲಿ 45 ಮೀಟರ್ ಹೋದರೆ 45 ಮೀಟರ್ ಬರಹ ಅಳಿಸಿದ ಹಾಗೆ. ಮಣ್ಣನ್ನು ತಂದು ಮತ್ತೆ ಗುಡ್ಡೆ ಹಾಕಬಹುದು, ಆಕಾರ ಬರುತ್ತದೆ, ಆದರೆ ಪದರ ಬರುವುದಿಲ್ಲ.

ನಡೆಯುವವರಿಂದಲೂ ಸವೆತ ಇದೆ, ಅದರಲ್ಲಿ ನಾನೂ ಸೇರಿದ್ದೇನೆ. 1969ರಲ್ಲಿ ಫ್ರಾಂಕ್ ನೋಬಲ್ ಮತ್ತು ಜೊತೆಗಾರರು ಆಫಾಸ್ ಡೈಕ್ ಅಸೋಸಿಯೇಷನ್ ಕಟ್ಟಿದರು. 1971ರಲ್ಲಿ ಸೆವರ್ನ್ ದಡದ ಸೆಡ್ಬರಿಯಿಂದ ಉತ್ತರದ ಪ್ರೆಸ್ಟಾಟಿನ್ ಕಡಲತೀರದವರೆಗೆ 285 ಕಿಲೋಮೀಟರ್ ಕಾಲುದಾರಿ ತೆರೆಯಿತು. ಅದನ್ನು ನೈಟನ್‌ನಲ್ಲಿ ಉದ್ಘಾಟಿಸಿದವರು 1953ರ ಎವರೆಸ್ಟ್ ತಂಡದ ನಾಯಕ ಜಾನ್ ಹಂಟ್. ಆ ದಾರಿ ಪೂರ್ತಿ ಏರಿಯ ಜೊತೆ ಹೋಗುವುದಿಲ್ಲ, ಆದರೆ ಹೋಗುವ ಕಡೆ ಕೆಲವೊಮ್ಮೆ ಏರಿಯ ನೆತ್ತಿಯ ಮೇಲೇ ಹೋಗುತ್ತದೆ. ಹಾಗಂತ ದಾರಿ ಮುಚ್ಚಬೇಕು ಅಂತ ನಾನು ಹೇಳುವುದಿಲ್ಲ. ಆ ದಾರಿ ಇಲ್ಲದಿದ್ದರೆ ನನ್ನಂಥವನಿಗೆ ಈ ಏರಿ ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ನೂರು ಜನರ ಬೂಟಿನ ಸವೆತವನ್ನು ದಾರಿ ಸ್ವಲ್ಪ ಪಕ್ಕಕ್ಕೆ ಸರಿಸಿ, ಹುಲ್ಲು ಹಾಕಿ ಸರಿ ಮಾಡಬಹುದು. ಯಾರಿಗೂ ಗೊತ್ತಿಲ್ಲದ ಏರಿಯನ್ನು ಕೆಡವಿದಾಗ ಕೇಳುವವರೇ ಇರುವುದಿಲ್ಲ.

ಮತ್ತೇನು ಮಾಡಬೇಕು? ನನಗೆ ನೆನಪಾಗುವುದು ನಮ್ಮ ಬಿತ್ತುವಟ್ಟ. ಗಂಗರ ಕಾಲದಿಂದ ನಮ್ಮ ಶಾಸನಗಳಲ್ಲಿ ಈ ಮಾತು ಬರುತ್ತದೆ. ಕೆರೆ ಕಟ್ಟಿದರೆ ಸಾಲದು, ಅದರ ಏರಿ, ತೂಬು ನೋಡಿಕೊಳ್ಳುವವರಿಗೆ ನೆಲವನ್ನೋ ಬೆಳೆಯಲ್ಲಿ ಪಾಲನ್ನೋ ಬಿಟ್ಟುಕೊಡುವ ಏರ್ಪಾಡು ಅದು. ಮಣ್ಣಿನ ಕೆಲಸ ಒಂದು ಸಲ ಮಾಡಿ ಮುಗಿಯುವುದಲ್ಲ, ಪ್ರತಿ ಮಳೆಗಾಲ ಆದಮೇಲೂ ಯಾರಾದರೂ ಸಲಿಕೆ ಹಿಡಿದು ಹೋಗಬೇಕು ಎನ್ನುವುದು ಆ ಶಾಸನ ಬರೆಸಿದವರಿಗೆ ಗೊತ್ತಿತ್ತು. ಆಫಾಸ್ ಡೈಕ್‌ಗೆ ಬೇಕಾಗಿರುವುದು ಅಂಥದ್ದೇ. ಏರಿಯನ್ನು ಉಳದೆ ಹುಲ್ಲು ಬಿಟ್ಟ ರೈತನಿಗೆ ವರ್ಷ ವರ್ಷ ತಪ್ಪದೆ ದುಡ್ಡು ಸಿಗಬೇಕು, ಸುಮ್ನೆ ಒಂದು ಯೋಜನೆ ಮೂರು ವರ್ಷ ನಡೆದು ನಿಂತುಹೋಗಬಾರದು. ಮಾರಾಟಕ್ಕೆ ಬಂದ ತುಂಡುಗಳನ್ನು ಕೊಳ್ಳುವುದು ಇನ್ನೊಂದು ದಾರಿ. ಅಸೋಸಿಯೇಷನ್‌ನವರು ಅದಕ್ಕೂ ರಿಪೇರಿಗೂ ಅಂತಲೇ ಒಂದು ರಕ್ಷಣಾ ನಿಧಿ ಮಾಡಿದ್ದಾರೆ. 130 ಕಿಲೋಮೀಟರ್ ಕೊಳ್ಳುವುದು ಆಗದ ಮಾತು ನಿಜ. ಆದರೆ ಅತಿ ಕೆಟ್ಟ ಸ್ಥಿತಿಯಲ್ಲಿರುವ, ಒಡೆಯರಿಗೆ ಭಾರ ಆಗಿರುವ ನೂರು ಮೀಟರ್, ಇನ್ನೂರು ಮೀಟರ್ ತುಂಡುಗಳನ್ನು ಕೊಂಡರೆ ಕೆಡವಬೇಡ ಅನ್ನುವುದರಾಚೆ ಹೋಗಿ ಕಾಪಾಡುವ ಕೈ ಒಂದು ಸಿಗುತ್ತದೆ.

ಈ ವರ್ಷ ಮಾರ್ಚಿನಲ್ಲಿ ನೈಟನ್‌ನಿಂದ ಪ್ಯಾನ್‌ಪಂಟನ್ ಗುಡ್ಡ ಹತ್ತಿ ಉತ್ತರಕ್ಕೆ ಹೋದೆ. ಲಾನ್‌ವೈರ್ ಗುಡ್ಡದಲ್ಲಿ ಏರಿ ಸಮುದ್ರ ಮಟ್ಟದಿಂದ 430 ಮೀಟರ್ ಹತ್ತಿರಕ್ಕೆ ಏರುತ್ತದೆ, ಇಡೀ ಸಾಲಿನಲ್ಲಿ ಅತಿ ಎತ್ತರದ ಜಾಗ ಅದೇ. ಗಾಳಿ ಜೋರಾಗಿತ್ತು. ತಪ್ಪಿಸಿಕೊಳ್ಳಲು ಕಂದಕಕ್ಕೆ ಇಳಿದೆ, ತಕ್ಷಣ ಗಾಳಿ ನಿಂತಿತು. ಕುರಿಗಳೂ ಅದಕ್ಕೇ ಅಲ್ಲಿ ಮಲಗುತ್ತವೆ. ಅವು ಮೈ ಉಜ್ಜಿ ಉಜ್ಜಿ ಏರಿಯ ಮಗ್ಗುಲಲ್ಲಿ ಒಂದು ಬಾಗಿಲಿನಷ್ಟು ಅಗಲಕ್ಕೆ ಹುಲ್ಲು ಕಿತ್ತುಹೋಗಿತ್ತು. ಬೋಳು ಮಣ್ಣು, ಕಂದು ಬಣ್ಣ, ನಡುವೆ ಚಪ್ಪಟೆ ಕಲ್ಲಿನ ಚೂರುಗಳು. ಪಕ್ಕದ ಮೊಲದ ಬಿಲದಿಂದ ಹೊಸ ಮಣ್ಣು ಹೊರಗೆ ಚೆಲ್ಲಿತ್ತು, ಇನ್ನೂ ಹಸಿ. ಮುಟ್ಟಿ ನೋಡಿದೆ. ಕೂಲಿಗೋ ಬಿಟ್ಟಿಗೋ ಬಂದ ಯಾರೋ ಒಬ್ಬ ಈ ಮಣ್ಣನ್ನು ಬುಟ್ಟಿಯಲ್ಲಿ ತಂದು ಇಲ್ಲಿ ಸುರಿದಿದ್ದ.

ಅದೇ ಏರಿಯಲ್ಲಿ ಸ್ವಲ್ಪ ಮುಂದೆ ಅಂಥದ್ದೇ ಒಂದು ಗಾಯಕ್ಕೆ ಯಾರೋ ಮಣ್ಣು ತುಂಬಿ, ಮೇಲೆ ಹುಲ್ಲಿನ ಹೆಂಟೆ ಕೂರಿಸಿ, ಕುರಿ ಹತ್ತದಂತೆ ನಾಲ್ಕು ಗೂಟ ಹೊಡೆದು ತಂತಿ ಬಿಗಿದಿದ್ದರು. ಹೆಂಟೆಗಳ ನಡುವಿನ ಗೆರೆ ಇನ್ನೂ ಕಾಣುತ್ತಿತ್ತು. ಹುಲ್ಲು ಬೇರು ಬಿಟ್ಟಿದೆಯಾ ಅಂತ ಒಂದು ಮೂಲೆಯನ್ನು ಬೆರಳಲ್ಲಿ ಮೆಲ್ಲಗೆ ಎಳೆದು ನೋಡಿದೆ. ಬರಲಿಲ್ಲ.